ಎರವಲು ಕಂಠ

1954ರಲ್ಲಿ ಎಚ್.ಎಲ್.ಎನ್. ಸಿಂಹರವರು ‘ಬೇಡರ ಕಣ್ಣಪ್ಪ’ ವಾಕ್ಚಿತ್ರಕ್ಕೆ ಮುತ್ತುರಾಜರನ್ನು ನಾಯಕರನ್ನಾಗಿ ಆರಿಸಿ ರಾಜಕುಮಾರರೆಂದು ಹೆಸರಿಟ್ಟುದು ಕನ್ನಡದ ಸುಕೃತ. ಆದರೆ ಬಾಲ್ಯದಿಂದ ನಾಟಕ ಕಂಪೆನಿಗಳಲ್ಲಿ ಪಳಗಿದ ಆ ಶಾರೀರವನ್ನು ಬದಿಗಿಟ್ಟು ಸಿ.ಎಸ್. ಜಯರಾಮನ್ನರ ಕಂಠವನ್ನು ಎರವಲು ತಂದುದೇತಕ್ಕೆ? ಆಂಗಿಕವೊಬ್ಬರದು, ವಾಚಿಕವಿನ್ನೊಬ್ಬರದು, ಇದಾವ ಭರತನ ಮತ? ಹೊಸಪೇಟೆ ಸೀಮೆಯ ಬಯಲಾಟದಲ್ಲಿ ಬಣ್ಣ ಹಚ್ಚಿದವನು ಹಿಮ್ಮೇಳದೊಡನೆ ತಾನೂ ಪದ ಹೇಳುವನು. ಸ್ವರ ತುಸು ಒಡೆದರೂ ಅವನದೇ. ಯಂತ್ರದ ಅನುಕೂಲಕ್ಕಾಗಿ ಹೀಗೆಂಬರು. ‘ಓಹಿಲೇಶ್ವರ’ದಲ್ಲಿ (1956) ಅವರೇ ಹಾಡಿದಾಗ ಯಂತ್ರವೇನೂ ಮುನಿಯಲಿಲ್ಲ! ಮುಂದೆ ಹಾಡಿದ ಪಿ.ಬಿ. ಶ್ರೀನಿವಾಸರ ಮಾಧುರ್ಯವನ್ನು ಯಾರೂ ಅಲ್ಲಗಳೆಯರು. ತಪ್ಪು ಆ ಪುಣ್ಯಾತ್ಮರದಲ್ಲ, ಆರಿಸಿದವರದು. ‘ಸಂಪತ್ತಿಗೆ ಸವಾಲ್’ (1974) ಬರುವವರೆಗೆ ಇಪ್ಪತ್ತು ವರ್ಷ ಇವರ ಕಿವಿಗೆ ಬೀಳದ ಆ ಕಂಠಕ್ಕೇ ‘ಜೀವನ ಚೈತ್ರ’ದ (1992) ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಸಂದಿತು.