ಹಂಚು ಮತ್ತು ಹಸಿ ಮಣ್ಣು

ಆಕಾಶದಿಂದ ಕಲ್ಲು ಬಿತ್ತು ಅಂತ ಒಂದು ರೀಲ್ ಬಂದ್ರೆ ಸಾಕು, ಕಮೆಂಟಲ್ಲಿ ಒಂದೇ ಪ್ರಶ್ನೆ: “ಗ್ರಾಮಿಗೆ ಎಷ್ಟು?” ಬಿಕಾಂ ಓದುವ ನಾನು ರೇಟ್ ಕೇಳ್ಬೇಡಿ ಅಂತ ಹೇಳುದಿಲ್ಲ. ಆದ್ರೆ ಈ ಲೆಕ್ಕದಲ್ಲಿ ನಾವು ಅಸಲನ್ನೇ ಬಿಡ್ತಾ ಇದ್ದೇವೆ.

ನಮ್ಮ ಕರಾವಳಿಗೂ ಕಲ್ಲು ಬಿದ್ದದ್ದುಂಟು. 1866ರ ಏಪ್ರಿಲ್, ಉಡುಪಿ ಕಡೆ. ಉಲ್ಕಾಶಿಲೆಗಳ ಪಟ್ಟಿಯಲ್ಲಿ ಇವತ್ತಿಗೂ ಅದರ ಹೆಸರು ‘ಉಡಿಪಿ’, ವರ್ಗ ಎಚ್5. ಆ 5 ಅಂದ್ರೆ ಎಂತ? ಚೆನ್ನಾಗಿ ಬೆಂದ ಕಲ್ಲು ಅಂತ. ಬೆಂದದ್ದು ಇಲ್ಲಿ ಬೀಳುವಾಗ ಅಲ್ಲ, 450 ಕೋಟಿ ವರ್ಷಕ್ಕೂ ಹಿಂದೆ, ತನ್ನ ಮೂಲ ಕ್ಷುದ್ರಗ್ರಹದ ಹೊಟ್ಟೆಯೊಳಗೆ.

ಇದಕ್ಕೆ ನಮ್ಮೂರಿನದ್ದೇ ಉದಾಹರಣೆ ಉಂಟು. ಆ ಕಲ್ಲು ಬೀಳುವ ಹಿಂದಿನ ವರ್ಷ, 1865ರಲ್ಲಿ, ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಹೊಳೆ ಬದಿಯ ಆವೆಮಣ್ಣನ್ನು ಭಟ್ಟಿಗೆ ಹಾಕಿದ್ರೆ ಒಳಗಿನ ನೀರು, ಬೇರು, ನಾರು ಎಲ್ಲ ಸುಟ್ಟು ಹೋಗ್ತದೆ. ಉಳಿಯುದು ಗಟ್ಟಿ ಹಂಚು. ಉಡಿಪಿ ಕಲ್ಲು ಆ ಹಂಚಿನ ಹಾಗೆ. ಇಂಗಾಲ ಹೆಚ್ಚೇನೂ ಉಳಿದಿರುದಿಲ್ಲ.

2017ರ ಜೂನ್ 6ಕ್ಕೆ ಜೈಪುರದ ಹತ್ತಿರ ಮುಕುಂದಪುರದ ಹೊಲಕ್ಕೆ ಬಿದ್ದದ್ದು ಬೇರೆ ಜಾತಿ, ಸಿಎಂ2. ಅದು ಭಟ್ಟಿ ಕಾಣದ ಹಸಿ ಮಣ್ಣು. ಈ ಜಾತಿಯ ಕಲ್ಲಲ್ಲಿ ತೂಕದ ಸುಮಾರು 2% ಇಂಗಾಲ ಇರ್ತದೆ. ಹಾಳೆ ಹಾಳೆಯಾದ ಜೇಡಿ ಖನಿಜಗಳ ಮಧ್ಯೆ ಸ್ವಲ್ಪ, ಸುಣ್ಣಕಲ್ಲಿನ ಖನಿಜ ಕ್ಯಾಲ್ಸೈಟ್ ಒಳಗೆ ಸ್ವಲ್ಪ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ಗೆ ಬಿದ್ದದ್ದೂ ಇದೇ ಜಾತಿ. ಅದರಲ್ಲಿ ಅಮೈನೋ ಆಮ್ಲ ಸಿಕ್ಕಿತು. ಸಿಲಿಕಾನ್ ಜೊತೆ ಇಂಗಾಲ ಸೇರಿದ ಸಣ್ಣ ಸಣ್ಣ ಕಣಗಳೂ ಸಿಕ್ಕಿದವು. ಅವುಗಳಲ್ಲಿ ಕೆಲವು ನಮ್ಮ ಸೂರ್ಯನಿಗಿಂತ ಹಳೆಯವು!

ಪೊಳಲಿಯವರಿಗೆ ಮಣ್ಣಿನ ಬೆಲೆ ಯಾರೂ ಹೇಳಿ ಕೊಡ್ಬೇಕಾಗಿಲ್ಲ. ನಮ್ಮ ರಾಜರಾಜೇಶ್ವರಿ ಅಮ್ಮನ ಮೂರ್ತಿಯೇ ಮಣ್ಣಿನದ್ದು. ಮಣ್ಣು ಎಷ್ಟು ಕಾಲವೂ ಉಳೀತದೆ, ಆದ್ರೆ ಜೋಪಾನ ಮಾಡುವವರು ಬೇಕು.

ಈಗ ಯೋಚಿಸಿ. ಅದೇ ಜೂನ್ 6ಕ್ಕೆ ಅಂಥ ಕಲ್ಲು ನಮ್ಮ ಬೈಲಿನ ಗದ್ದೆಗೆ ಬಿದ್ದಿದ್ರೆ? ಮಳೆ, ಕೆಸರು, ಗೊಬ್ಬರ. ಒಳಗಿನ ಉಪ್ಪು ಕರಗಿ ಹೋಗ್ತದೆ, ಗದ್ದೆಯ ಇಂಗಾಲ ಒಳಗೆ ಹೋಗ್ತದೆ. ಆಮೇಲೆ ಯಾವುದು ಆಕಾಶದ್ದು, ಯಾವುದು ಸೆಗಣಿಯದ್ದು ಅಂತ ಬೇರೆ ಮಾಡುದೇ ದೊಡ್ಡ ಕೆಲಸ. ನಮ್ಮ ಭಾಷೆಯಲ್ಲಿ ಹೇಳುದಾದ್ರೆ, ನೆಲ ಮುಟ್ಟಿದ ನಿಮಿಷದಿಂದಲೇ ಡಿಪ್ರಿಸಿಯೇಶನ್ ಶುರು.

ಹಾಗಾಗಿ ನಾನು ಹೇಳುದು ಇಷ್ಟೇ: ಇಂಥ ಕಲ್ಲಿನ ಬೆಲೆ ಅದರ ತೂಕದಲ್ಲಿಲ್ಲ, ಎಷ್ಟು ಚೊಕ್ಕವಾಗಿ ಉಳಿದಿದೆ ಅನ್ನುವುದರಲ್ಲಿದೆ. ಕೈ ಮುಗಿಯಿರಿ, ಬೇಡ ಅನ್ನುದಿಲ್ಲ. ಆದ್ರೆ ತೊಳೀಬೇಡಿ ಮಾರಾಯ್ರೆ, ಎಣ್ಣೆ ಕುಂಕುಮ ಹಚ್ಬೇಡಿ, ಒಡೆದು ಹಂಚ್ಕೊಳ್ಬೇಡಿ, ಅಯಸ್ಕಾಂತ ತಾಗಿಸಿ ನೋಡ್ಬೇಡಿ. ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಫಾಯಿಲಲ್ಲಿ ಸುತ್ತಿ, ಜಾಗದ ಫೋಟೋ ತೆಗೆದು, ಸಮಯ ಬರೆದಿಟ್ಟು ಪೊಲೀಸರಿಗೆ ತಿಳಿಸಿ. ದೇಶದ ಉಲ್ಕಾಶಿಲೆಗಳನ್ನು ನೋಡಿಕೊಳ್ಳುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅವರಿಗೆ ತಲುಪ್ಬೇಕು.

ಉಡುಪಿ ಫ್ರೆಂಡ್ಸ್, 1866ರ ಕಲ್ಲಿನ ಬಗ್ಗೆ ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಯಾರಾದ್ರೂ ಹೇಳಿದ್ದುಂಟಾ? ಕಮೆಂಟಲ್ಲಿ ಬರೀರಿ. ರೇಟ್ ಮಾತ್ರ ಕೇಳ್ಬೇಡಿ 😄