ಎಸೆಯುವುದರಲ್ಲೂ ಯತ್ನಾಚಾರ: ಮನೆಯ ಕಸ ಮತ್ತು ಶ್ರಾವಕರ ದಿನಚರಿ

ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಮನೆಯ ಕಸಕ್ಕೆ ಪ್ರತ್ಯೇಕ ಶುಲ್ಕ ಜಾರಿಗೆ ಬಂದಿದೆ. ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ನಿಗದಿಯಾದ ಈ ಶುಲ್ಕವನ್ನು ಆಸ್ತಿ ತೆರಿಗೆಯ ಜೊತೆಗೇ ಕಟ್ಟಬೇಕು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ರಸ್ತೆ ಬದಿ ಕಸ ಎಸೆದವರನ್ನು ಗುರುತಿಸಿ ಅವರ ಮನೆ ಬಾಗಿಲಿಗೇ ಕಸ ತಂದು ಸುರಿಯುವ ಕಾರ್ಯಾಚರಣೆಯೂ ನಡೆಯಿತು. ಶುಲ್ಕ, ದಂಡ, ಅವಮಾನ ಮೂರನ್ನೂ ಆಡಳಿತ ಬಳಸಿ ನೋಡುತ್ತಿದೆ.

ಆದರೆ ಈ ಶುಲ್ಕ ಕಸದ ತೂಕ ನೋಡಿ ಬೀಳುವುದಿಲ್ಲ. ದಿನಕ್ಕೆ ಒಂದು ಹಿಡಿ ಸಿಪ್ಪೆ ಮಾತ್ರ ಹೊರಹಾಕುವ ಮನೆಗೂ, ಎರಡು ಚೀಲ ತುಂಬಿ ಕಳುಹಿಸುವ ಮನೆಗೂ ವಿಸ್ತೀರ್ಣ ಒಂದೇ ಆಗಿದ್ದರೆ ಶುಲ್ಕವೂ ಒಂದೇ. ಹೀಗಾಗಿ ಕಸ ಕಡಿಮೆ ಮಾಡುವ ಕೆಲಸ ಕೊನೆಗೂ ಮನೆಯವರ ಅಭ್ಯಾಸಕ್ಕೇ ಬಿಟ್ಟ ವಿಷಯವಾಗಿ ಉಳಿದಿದೆ. ವ್ರತ, ನಿಯಮ, ಪರಿಮಾಣಗಳ ಮೂಲಕವೇ ದಿನಚರಿ ರೂಪಿಸಿಕೊಂಡು ಬಂದ ಜೈನ ಸಮಾಜಕ್ಕೆ ಈ ಪ್ರಶ್ನೆ ಹೊಸದಲ್ಲ.

ಕಾನೂನು ಏನು ಹೇಳುತ್ತದೆ?

ಬೆಂಗಳೂರಿನ ಕಸ ಹೊತ್ತ ಹಳ್ಳಿಗಳ ಕಥೆ ರಾಜ್ಯಕ್ಕೇ ಪಾಠ. ಮಾವಳ್ಳಿಪುರದ ಕಸದ ಗುಡ್ಡೆ 2012ರಲ್ಲಿ, ಮಂಡೂರಿನದು 2014ರಲ್ಲಿ ಗ್ರಾಮಸ್ಥರ ಹೋರಾಟದ ನಂತರ ಮುಚ್ಚಿತು. ದುರ್ವಾಸನೆ, ನೊಣ, ಕೆಟ್ಟ ನೀರು ಅಲ್ಲಿನವರ ಪಾಲಿಗೆ ಬಂದವು. ಆ ಕಸ ಹುಟ್ಟಿದ್ದು ಮಾತ್ರ ನಗರದ ಅಡುಗೆ ಮನೆಗಳಲ್ಲಿ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಸ್ಯಾನಿಟರಿ ಪ್ಯಾಡ್‌ನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2016ರ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸ ವಿಂಗಡಿಸುವ ಹೊಣೆಯನ್ನು ದೇಶದ ನಗರ, ಪಟ್ಟಣ ಪ್ರದೇಶಗಳ ಮನೆಗಳಿಗೂ ವಿಧಿಸಿದವು.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧವಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮೋಕೋಲ್ ಈ ಪಟ್ಟಿಯಲ್ಲಿವೆ. ಸಿಹಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಕೂಡ ಇದರಲ್ಲಿ ಸೇರಿದೆ ಎಂಬುದು ಮದುವೆ, ಉದ್ಯಾಪನೆ, ಪಂಚಕಲ್ಯಾಣ ನಡೆಸುವವರ ಗಮನಕ್ಕೆ ಬರಬೇಕಾದ ಮಾತು.

ಶಾಸ್ತ್ರದಲ್ಲಿ ಇದಕ್ಕೆ ಜಾಗವಿದೆ

ಮುನಿಗಳಿಗೆ ಹೇಳಿದ ಐದು ಸಮಿತಿಗಳಲ್ಲಿ ಕೊನೆಯದು ಪ್ರತಿಷ್ಠಾಪನ ಸಮಿತಿ. ಇದನ್ನು ಉತ್ಸರ್ಗ ಸಮಿತಿ ಎಂದೂ ಕರೆಯುತ್ತಾರೆ. ದೇಹದ ಮಲವನ್ನು ಜೀವಿಗಳಿಲ್ಲದ ಜಾಗ ನೋಡಿ, ಯಾರಿಗೂ ಬಾಧೆಯಾಗದಂತೆ ವಿಸರ್ಜಿಸಬೇಕೆಂಬುದು ಅದರ ಸಾರ. ನಡೆಯುವುದು, ಮಾತನಾಡುವುದು, ಆಹಾರ ಸ್ವೀಕರಿಸುವುದರಷ್ಟೇ ಎಚ್ಚರ ಬಿಡುವುದರಲ್ಲೂ ಇರಬೇಕು ಎಂದು ಧರ್ಮ ಪ್ರತ್ಯೇಕವಾಗಿ ಎಣಿಸಿ ಹೇಳಿದೆ.

ಗೃಹಸ್ಥರಿಗೆ ಇನ್ನೂ ಹತ್ತಿರವಾದದ್ದು ಅನರ್ಥದಂಡ ವ್ರತ. ಪ್ರಯೋಜನವಿಲ್ಲದೆ ನಡೆಯುವ ಹಿಂಸೆಯಿಂದ ದೂರವಿರುವುದು ಈ ವ್ರತ. ಕಾರಣವಿಲ್ಲದೆ ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ‘ಪ್ರಮಾದಚರ್ಯೆ’ ಎನಿಸುತ್ತದೆ. ತತ್ವಾರ್ಥಸೂತ್ರ ಈ ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು, ಅಗತ್ಯಕ್ಕಿಂತ ಹೆಚ್ಚು ಭೋಗೋಪಭೋಗ ವಸ್ತುಗಳನ್ನು ಕೂಡಿಡುವುದು. ಬೇಕಿಲ್ಲದೆ ಕೊಂಡ ವಸ್ತು ಇಂದಲ್ಲ ನಾಳೆ ಕಸದ ಬುಟ್ಟಿಗೇ ಬರುತ್ತದೆ. ಕಸದ ಲೆಕ್ಕ ಶುರುವಾಗುವುದು ಅಂಗಡಿಯಲ್ಲಿ ಎಂಬುದನ್ನು ಈ ಸೂತ್ರ ಹಿಡಿದು ತೋರಿಸಿದೆ.

ಅಳತೆಯ ಅಡುಗೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಸುಮಾರು ಶೇ 60ರಷ್ಟು ಮನೆಗಳಿಂದಲೇ ಬಂದದ್ದು. ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕಿಲೊ ಎಂಬುದು ಅದೇ ವರದಿಯ ಅಂದಾಜು. ಸಿಪ್ಪೆ, ಬೀಜದಂಥ ತಿನ್ನಲಾಗದ ಭಾಗವೂ ಇದರಲ್ಲಿ ಸೇರಿದೆ. ನಾಲ್ವರ ಕುಟುಂಬಕ್ಕೆ ಇದು ವರ್ಷಕ್ಕೆ 220 ಕಿಲೊ, ದಿನಕ್ಕೆ ಸುಮಾರು 600 ಗ್ರಾಂ.

ಜೈನ ಅಡುಗೆ ಮನೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ರಾತ್ರಿ ಕಳೆದ ಅಡುಗೆಯನ್ನು ಮರುದಿನ ಬಳಸದ ನಿಯಮ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿದರೆ ಉಳಿದ ಅನ್ನ, ಸಾರಿಗೆ ಮತ್ತೆ ಊಟದ ಹೊತ್ತಿಲ್ಲ. ಬೇರೆ ಮನೆಗಳಲ್ಲಿ ಫ್ರಿಜ್ ಸೇರಿ ಮರುದಿನ ಚಿತ್ರಾನ್ನವಾಗುವ ಅನ್ನ ಇಲ್ಲಿ ಹೊರಗೆ ಹೋಗುತ್ತದೆ. ಆದ್ದರಿಂದ ಈ ನಿಯಮ ಪಾಲಿಸುವ ಮನೆಗೆ ಅಳೆದು ಅಡುಗೆ ಮಾಡದೆ ಬೇರೆ ದಾರಿಯಿಲ್ಲ. ಎಷ್ಟು ಮಂದಿ ಊಟಕ್ಕಿದ್ದಾರೆ ಎಂದು ಬೆಳಿಗ್ಗೆಯೇ ಕೇಳುವುದು, ಯಾರಿಗೆ ಉಪವಾಸ, ಏಕಾಸನ ಎಂದು ತಿಳಿದುಕೊಳ್ಳುವುದು, ಅಕ್ಕಿಗೆ ಒಂದೇ ಪಾವು ಇಟ್ಟುಕೊಳ್ಳುವುದು, ಸಂಜೆಯ ಅಡುಗೆಯನ್ನು ಒಂದು ತುತ್ತು ಕಡಿಮೆಯೇ ಮಾಡುವುದು ಹಿರಿಯ ಶ್ರಾವಿಕೆಯರಿಗೆ ಗೊತ್ತಿದ್ದ ಲೆಕ್ಕಗಳೇ.

ಶ್ವೇತಾಂಬರ ಮನೆಗಳಲ್ಲಿ ಊಟದ ನಂತರ ತಟ್ಟೆ ತೊಳೆದ ನೀರನ್ನು ಕುಡಿಯುವ ರೂಢಿ ಉಂಟು. ಎಂಜಲಿನಲ್ಲಿ 48 ನಿಮಿಷಗಳೊಳಗೆ ಸಮ್ಮೂರ್ಛಿಮ ಜೀವಗಳು ಹುಟ್ಟುತ್ತವೆ ಎಂಬ ನಂಬಿಕೆ ಇದರ ಹಿಂದಿದೆ. ಮನೆಯಲ್ಲಿ ಇಷ್ಟು ಎಚ್ಚರವಿರುವ ಸಮಾಜದ ಸಾಮೂಹಿಕ ಊಟಗಳಲ್ಲಿ ಹದಿನೈದು ಬಗೆ ಬಡಿಸಿ, ಅರ್ಧ ತಿಂದ ಎಲೆ ಎತ್ತುವ ದೃಶ್ಯ ಸಾಮಾನ್ಯವಾಗುತ್ತಿರುವುದು ಯೋಚಿಸಬೇಕಾದ ವಿರೋಧಾಭಾಸ.

ಗೋವಿನ ಹೊಟ್ಟೆಗೆ ಹೋಗುವ ಚೀಲ

ಜೀವದಯೆಯ ಹೆಸರಿನಲ್ಲಿ ಗೋಶಾಲೆ, ಪಾಂಜರಪೋಳಗಳಿಗೆ ಜೈನರು ಕೊಡುವ ದಾನ ದೊಡ್ಡದು. ಅಲ್ಲಿಗೆ ಬರುವ ಬೀಡಾಡಿ ದನಗಳನ್ನು ಕಾಡುವ ದೊಡ್ಡ ಕಾಯಿಲೆಗಳಲ್ಲಿ ಹೊಟ್ಟೆಯಲ್ಲಿ ಕಟ್ಟಿಕೊಂಡ ಪ್ಲಾಸ್ಟಿಕ್ ಒಂದು. ಉಳಿದ ಊಟವನ್ನು ಚೀಲದಲ್ಲಿ ಹಾಕಿ ಗಂಟು ಕಟ್ಟಿ ಎಸೆದರೆ ದನ ಗಂಟು ಬಿಚ್ಚಿ ತಿನ್ನಲಾರದು. ಚೀಲದ ಸಮೇತ ನುಂಗುತ್ತದೆ. ಅದು ಜೀರ್ಣವಾಗದೆ ಮೊದಲ ಹೊಟ್ಟೆಯಲ್ಲಿ ಉಂಡೆಯಾಗಿ ಉಳಿಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಹತ್ತಾರು ಕಿಲೊ ಪ್ಲಾಸ್ಟಿಕ್ ಹೊರತೆಗೆದ ಪ್ರಕರಣಗಳಿವೆ. ಒಂದು ಕೈಯಲ್ಲಿ ಗೋಶಾಲೆಗೆ ದಾನ, ಇನ್ನೊಂದು ಕೈಯಲ್ಲಿ ಗಂಟು ಕಟ್ಟಿದ ಚೀಲ ಎರಡೂ ಒಂದೇ ಮನೆಯಿಂದ ಹೊರಡುವಂತಾಗಬಾರದು.

ಸಮಾರಂಭದಲ್ಲಿ ಉಳಿದ ಅನ್ನವನ್ನು ರಾಶಿಯಾಗಿ ಗೋಶಾಲೆಗೆ ಸಾಗಿಸುವುದೂ ಯಾವಾಗಲೂ ದಯೆಯಲ್ಲ. ಬೇಯಿಸಿದ ಅನ್ನ ಒಮ್ಮೆಲೇ ಹೆಚ್ಚಾಗಿ ತಿಂದರೆ ದನದ ಹೊಟ್ಟೆಯಲ್ಲಿ ಆಮ್ಲ ಏರಿ ಪ್ರಾಣಕ್ಕೇ ಅಪಾಯವಾಗುತ್ತದೆ. ತಾಜಾ ತರಕಾರಿ ಸಿಪ್ಪೆ, ಬಾಳೆ ಸಿಪ್ಪೆಯನ್ನು ಚೀಲವಿಲ್ಲದೆ, ಮಿತವಾಗಿ ಕೊಡಬಹುದು. ಜನರು ಉಣ್ಣಬಹುದಾದ ಊಟವನ್ನು ಹಳಸುವ ಮೊದಲೇ ಜನರಿಗೆ ತಲುಪಿಸುವುದು ಸರಿ.

ಗೊಬ್ಬರದಲ್ಲಿ ಹಿಂಸೆಯೇ?

ಮನೆಯಲ್ಲೇ ಗೊಬ್ಬರ ಮಾಡಿ ಎಂದಾಗ ಅನೇಕ ಶ್ರಾವಕರು ಹಿಂಜರಿಯುತ್ತಾರೆ. ಕೊಳೆಯುವ ಬುಟ್ಟಿಯಲ್ಲಿ ಹುಳು ಹುಟ್ಟುತ್ತವೆ, ಮಗುಚುವಾಗ ಸಾಯುತ್ತವೆ ಎಂಬ ಆತಂಕ ಅವರದು. ಈ ಆತಂಕವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಮನೆಯಲ್ಲಿ ಕೊಳೆಯದ ಸಿಪ್ಪೆ ಬೇರೆಲ್ಲೋ ಕೊಳೆಯುತ್ತದೆ. ಕಸದ ಗುಡ್ಡೆಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಏಳುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ, ಕಪ್ಪು ರಸ ಅಂತರ್ಜಲ ಸೇರುತ್ತದೆ. ಅಲ್ಲಿ ನಡೆಯುವ ಜೀವಹಾನಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹುಳು ಕಡಿಮೆಯಾಗುವ ವಿಧಾನವೂ ಇದೆ. ನೊಣ ಮೊಟ್ಟೆ ಇಡುವುದು ಒದ್ದೆಯಾಗಿ ತೆರೆದಿರುವ ಕಸದ ಮೇಲೆ. ನೀರು ಬಸಿದ ಸಿಪ್ಪೆಯ ಮೇಲೆ ಪ್ರತಿ ಬಾರಿಯೂ ಒಣ ಎಲೆ, ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಮುಚ್ಚಿ, ಗಾಳಿಯಾಡುವ ಬುಟ್ಟಿಗೆ ಬಟ್ಟೆ ಕಟ್ಟಿದರೆ ಆ ತೊಂದರೆ ಬಹಳ ಇಳಿಯುತ್ತದೆ. ಇಷ್ಟಾದರೂ ಮನಸ್ಸು ಒಪ್ಪದವರು ಹಸಿ ಕಸವನ್ನು ಪ್ರತಿ ದಿನ, ಪ್ಲಾಸ್ಟಿಕ್ ಚೀಲವಿಲ್ಲದೆ, ಪೌರಕಾರ್ಮಿಕರ ಗಾಡಿಗೆ ಕೊಡಬಹುದು. ಎರಡರಲ್ಲಿ ಯಾವುದನ್ನು ಆರಿಸಿದರೂ ಕಸವನ್ನೇ ಕಡಿಮೆ ಮಾಡುವುದು ಮೊದಲ ಅಹಿಂಸೆ.

ಬಸದಿಯಿಂದ ಆರಂಭ

ಆಮಂತ್ರಣ ಪತ್ರಿಕೆ, ಕ್ಯಾಲೆಂಡರ್, ಫ್ಲೆಕ್ಸ್, ಪ್ರಭಾವನೆಯ ಚೀಲಗಳ ಮೇಲೆ ತೀರ್ಥಂಕರರ, ಮುನಿಗಳ ಚಿತ್ರ ಅಚ್ಚಾಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಇವನ್ನು ಎಸೆಯಲು ಭಕ್ತಿ ಬಿಡದು, ಇಟ್ಟುಕೊಳ್ಳಲು ಮನೆಯಲ್ಲಿ ಜಾಗ ಸಾಲದು. ಅಚ್ಚು ಹಾಕಿಸುವಾಗಲೇ ಚಿತ್ರ ಕೈಬಿಟ್ಟು, ಆಮಂತ್ರಣವನ್ನು ಮೊಬೈಲ್‌ನಲ್ಲಿ ಕಳುಹಿಸಿ, ಹಿರಿಯರಿಗೆ ಮಾತ್ರ ಮುದ್ರಿತ ಪ್ರತಿ ಕೊಟ್ಟರೆ ಅವಿನಯವೂ ತಪ್ಪುತ್ತದೆ, ಕಸವೂ ತಪ್ಪುತ್ತದೆ. ಊಟಕ್ಕೆ ಸ್ಟೀಲ್ ತಟ್ಟೆ, ಲೋಟ ಇಡುವ ವ್ಯವಸ್ಥೆಗೆ ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕ್ ಒಳ್ಳೆಯ ಮಾದರಿ. ಇನ್ನೂರು, ಮುನ್ನೂರು ತಟ್ಟೆಗಳ ಒಂದು ಸೆಟ್ಟನ್ನು ಬಸದಿಗೆ ದಾನ ಕೊಟ್ಟರೆ ಊರಿನ ಎಷ್ಟೋ ನೋಂಪಿ, ನಾಮಕರಣಗಳಿಗೆ ಅದು ಸಾಕು.

ಹಳ್ಳಿಗಳಲ್ಲೂ ವ್ಯವಸ್ಥೆ ಬೆಳೆಯುತ್ತಿದೆ. ಗೊಮ್ಮಟನ ಊರಾದ ಕಾರ್ಕಳದ ಪಕ್ಕದ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯತಿಗಳ ಒಣ ಕಸ ವಿಂಗಡಿಸುವ ಘಟಕವಿದೆ. ರಾಜ್ಯದ ಹಲವು ಗ್ರಾಮ ಪಂಚಾಯತಿಗಳಲ್ಲಿ ಮಹಿಳೆಯರೇ ಸ್ವಚ್ಛ ವಾಹಿನಿ ಗಾಡಿ ಓಡಿಸಿ ಮನೆ ಮನೆಯಿಂದ ಕಸ ಸಂಗ್ರಹಿಸುತ್ತಾರೆ. ಅಲ್ಲಿ ಕಸ ಬೇರ್ಪಡಿಸುವುದು ಯಂತ್ರವಷ್ಟೇ ಅಲ್ಲ, ಮನುಷ್ಯರ ಕೈ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕೊಡುವುದು, ಕತ್ತರಿಸುವಾಗ ಮೂಲೆಯ ತುಂಡು ಬೇರೆಯಾಗದಂತೆ ನೋಡಿಕೊಳ್ಳುವುದು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕುವುದು ಆ ಕೈಗಳ ಮೇಲಿನ ದಯೆ.

ದಶಲಕ್ಷಣ ಪರ್ವ, ಪರ್ಯೂಷಣದ ದಿನಗಳಲ್ಲಿ ಹಲವರು ಒಂದು ರಸ, ಒಂದು ಹಣ್ಣು ಬಿಡುವ ನಿಯಮ ಹಿಡಿಯುತ್ತಾರೆ. ಈ ಬಾರಿ ಅದರ ಜೊತೆಗೆ ಹತ್ತು ದಿನ ಮನೆಯ ಹಸಿ ಕಸವನ್ನು ತೂಗಿ ಬರೆದಿಡುವ ನಿಯಮವನ್ನೂ ಹಿಡಿಯಬಹುದು. ಮೊದಲ ದಿನದ ಅಂಕಿಗೂ ಹತ್ತನೆಯ ದಿನದ ಅಂಕಿಗೂ ನಡುವಿನ ವ್ಯತ್ಯಾಸ ನೋಡಿದರೆ, ಪರಿಮಾಣ ವ್ರತ ಎಂದರೇನೆಂದು ಮನೆಯ ಮಕ್ಕಳಿಗೂ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.