ಬೆವರು, ರೋಮ ಮತ್ತು ವಿದ್ಯುದ್ಯಂತ್ರಗಳು

ಹೆಣ್ಣುಮಕ್ಕಳ ಬೆವರನ್ನೂ ಮುಖದ ರೋಮವನ್ನೂ ನಿವಾರಿಸುವುದಾಗಿ ಹೇಳಿಕೊಳ್ಳುವ ವಿದ್ಯುದ್ಯಂತ್ರಗಳು ಈಗ ಮನೆಬಾಗಿಲಿಗೇ ಬಂದಿಳಿಯುತ್ತಿವೆ. ಎರಡಕ್ಕೂ ಮಾರುವವರ ಹೊಗಳಿಕೆ ಒಂದೇ ಬಗೆಯದು. ಆದರೆ ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವುಗಳಲ್ಲವೆಂಬುದು ನಮ್ಮ ಅಭಿಪ್ರಾಯ.

ಅಂಗೈ ಬೆವರುವುದನ್ನು ಅಂಜಿಕೆಯ ಲಕ್ಷಣವೆಂದೆಣಿಸಿ ನಗುವವರುಂಟು. ಪರೀಕ್ಷೆಯ ದಿನ ಉತ್ತರದ ಹಾಳೆ ಕೈಕೆಳಗೇ ನೆನೆದು ಶಾಯಿ ಹರಡುವ ಬಾಲಿಕೆಗೆ, ಹೊಲಿಗೆಯ ಬಟ್ಟೆಯನ್ನು ಕೊಳೆಮಾಡಿದಳೆಂದು ಬೈಸಿಕೊಳ್ಳುವವಳಿಗೆ, ಅದು ನಗೆಯ ವಿಷಯವಲ್ಲ. ಇಂಥವರಿಗೆ ಒಂದು ಸರಳವಾದ ಉಪಾಯವಿದೆ. ಎರಡು ತಟ್ಟೆಗಳಲ್ಲಿ ನಲ್ಲಿಯ ನೀರನ್ನು ತುಂಬಿ, ಅವುಗಳಲ್ಲಿ ಕೈಗಳನ್ನಿರಿಸಿ, ಮಂದವಾದ ವಿದ್ಯುತ್ಪ್ರವಾಹವನ್ನು ಸುಮಾರು 20 ನಿಮಿಷ ಹರಿಯಿಸುವುದು. ಮೊದಲು ವಾರಕ್ಕೆ ಮೂರು ನಾಲ್ಕು ಸಲ, ಗುಣ ಕಂಡ ಬಳಿಕ ಆಗಾಗ. ಅಯಾಂಟೊಫೊರೆಸಿಸ್ ಎಂಬ ಈ ಕ್ರಮವನ್ನು ವೈದ್ಯರು 1950ರ ದಶಕದಿಂದಲೂ ಬಲ್ಲರು. ನಿಲ್ಲಿಸಿದರೆ ಬೆವರು ಮರಳುವುದು. ಗರ್ಭಿಣಿಯರೂ ಎದೆಯಲ್ಲಿ ಪೇಸ್‌ಮೇಕರ್ ಇರುವವರೂ ಇದರ ಬಳಿ ಸುಳಿಯಕೂಡದು. ವೈದ್ಯರನ್ನು ಕೇಳಿಕೊಂಡು ತಾಯ್ತಂದೆಗಳು ಇದಕ್ಕೆ ಹಣ ವೆಚ್ಚಮಾಡಿದರೆ ನಾವು ಅದನ್ನು ಕನ್ನಡಕ ಕೊಡಿಸಿದುದಕ್ಕೆ ಸಮಾನವೆಂದೇ ಎಣಿಸುವೆವು.

ರೋಮದ ಮಾತು ಬೇರೆ. ಅದೂ ಮೊದಲು ಚಿಕಿತ್ಸೆಯಾಗಿಯೇ ಹುಟ್ಟಿತೆಂಬುದನ್ನು ಮರೆಯಬಾರದು. ಅಮೆರಿಕದ ಸೇಂಟ್ ಲೂಯಿಸ್ ನಗರದ ನೇತ್ರವೈದ್ಯ ಚಾರ್ಲ್ಸ್ ಮಿಶೆಲ್ ಎಂಬವರು, ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಕಣ್ಣನ್ನು ಚುಚ್ಚುತ್ತಿದ್ದವರಿಗಾಗಿ, ಕೂದಲ ಬುಡಕ್ಕೆ ಸೂಜಿಯಿಳಿಸಿ ವಿದ್ಯುತ್ತನ್ನು ಹಾಯಿಸಿದ ಬಗೆಯನ್ನು 1875ರಲ್ಲಿ ಪ್ರಕಟಿಸಿದರು. ಚರ್ಮದೊಳಗಿನ ಉಪ್ಪುನೀರು ಆಗ ತೀಕ್ಷ್ಣವಾದ ಕ್ಷಾರವಾಗಿ ಬೇರನ್ನು ಕೊಲ್ಲುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಕೂದಲು!

ಈ ನಿಧಾನವು ಸೌಂದರ್ಯದ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. 1920ರ ದಶಕದಲ್ಲಿ ಅಮೆರಿಕದ ಅಲಂಕಾರಗೃಹಗಳಲ್ಲಿ ಟ್ರೈಕೊ ಎಂಬ ಕ್ಷ-ಕಿರಣದ ಯಂತ್ರವನ್ನಿರಿಸಿದರು. ಸೂಜಿಯಿಲ್ಲ, ನೋವಿಲ್ಲ, ಯಂತ್ರದ ಮುಂದೆ ಕುಳಿತೆದ್ದರೆ ಸಾಕು. ರೋಮವೇನೋ ಉದುರಿತು. ವರ್ಷಗಳು ಕಳೆದಂತೆ ಕೆಲವರ ಕೆನ್ನೆ ಗದ್ದಗಳ ಚರ್ಮ ಸುಕ್ಕುಗಟ್ಟಿ ಹುಣ್ಣಾಯಿತು. ಕೆಲವರಿಗೆ ಅರ್ಬುದರೋಗವೇ ಬಂದಿತು. ಆರೋಗ್ಯವಂತೆಯರಾದ ಹೆಂಗಸರು ತಾವಾಗಿ ಹಣ ಕೊಟ್ಟು ಕೊಂಡ ವ್ಯಾಧಿಯಿದು.

ಇಂದಿನ ಲೇಸರ್ ಯಂತ್ರಗಳೂ ಮನೆಯಲ್ಲಿ ಬಳಸುವ ಬೆಳಕಿನ ಯಂತ್ರಗಳೂ ಕ್ಷ-ಕಿರಣದವಲ್ಲ. ಅವುಗಳನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಆದರೂ ಅವುಗಳ ಬೆಳಕು ಕೂದಲಿನ ಕಪ್ಪನ್ನು ಹಿಡಿದು ಕಾಯಿಸುವಂಥದು, ಮತ್ತು ಆ ಕಪ್ಪು ನಮ್ಮವರ ಚರ್ಮದಲ್ಲಿಯೂ ಧಾರಾಳವಾಗಿದೆ. ಅಳತೆ ತಪ್ಪಿದರೆ ಸುಡುವುದು, ಕಲೆಯುಳಿಯುವುದು. (ಜಾಹೀರಾತಿನ ತರುಣಿಯ ಮೈಬಣ್ಣವು ನಮ್ಮ ಹುಡುಗಿಯರದಾಗಿರುವುದು ಅಪರೂಪ.) ಗದ್ದದ ಮೇಲೆ ಹಠಾತ್ತಾಗಿ ರೋಮ ದಟ್ಟವಾಗಿ, ಮಾಸಧರ್ಮವೂ ಕ್ರಮತಪ್ಪಿದ್ದರೆ, ಅದು ಒಳಗಿನ ಗ್ರಂಥಿಗಳ ದೋಷದ ಸೂಚನೆಯಾಗಿರಬಹುದು, ಆಗ ಹೋಗಬೇಕಾದುದು ವೈದ್ಯರ ಬಳಿಗೆ.

ಇವೊಂದೂ ಇಲ್ಲದೆ, ನೆರೆಮನೆಯಾಕೆ ಏನೋ ಅಂದಳೆಂದು ಹದಿಮೂರು ವರ್ಷದ ಮಗುವನ್ನು ಯಂತ್ರದ ಮುಂದೆ ಕುಳ್ಳಿರಿಸುವ ತಾಯಂದಿರನ್ನು ನಾವು ಒಪ್ಪಲಾರೆವು. ತನ್ನ ತುಟಿಯ ಮೇಲಿನ ನಾಲ್ಕು ರೋಮಗಳ ವಿಚಾರವನ್ನು ಅವಳೇ ಪ್ರಾಯಕ್ಕೆ ಬಂದು ತೀರ್ಮಾನಿಸಲಿ. ಆಗ ಬೇಕೆಂದರೆ ಮಿಶೆಲರ ಸೂಜಿ ಇಂದಿಗೂ ಬಳಕೆಯಲ್ಲಿದೆ; ಅದು ಮೈಬಣ್ಣವನ್ನೂ ಕೂದಲ ಬಣ್ಣವನ್ನೂ ನೋಡುವುದಿಲ್ಲ. ಬೆಳಕಿನ ಯಂತ್ರವನ್ನೇ ಕೊಳ್ಳುವುದಾದರೆ, ಅದರೊಡನೆ ಬರುವ ಮೈಬಣ್ಣದ ಪಟ್ಟಿಯ ಪಕ್ಕದಲ್ಲಿ ತನ್ನ ತೋಳನ್ನಿಟ್ಟು ನೋಡಿದ ಮೇಲೆಯೇ ಕೊಳ್ಳಲಿ.